ಗೋಪಿಕಾಬಾಯಿ ಓದಿ ಹೇಳಿದ ಕಾಗದ

ನನ್ನ ತಾಯಿಯ ಅಕ್ಕ ಗೋಪಿಕಾಬಾಯಿ ಸವಣೂರಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಜನರ ಇಂಗ್ಲಿಷ್ ಕಾಗದಗಳನ್ನು ಓದಿ ಹೇಳಿದರು. ಅದರಲ್ಲಿ ಒಂದನ್ನು ತಪ್ಪಾಗಿ ಓದಿದರು. ಅದು 1978ನೆಯ ಇಸವಿ. ಆಮೇಲೆ ಅವರು ಒಂಬತ್ತು ವರ್ಷ ಬದುಕಿದ್ದರು. ಆ ಒಂಬತ್ತು ವರ್ಷಗಳನ್ನು ಬರೆದಿಡಬೇಕೆಂದು ನನಗೆ ಅನ್ನಿಸಿದೆ. ಅವರನ್ನು ಬಲ್ಲವರಲ್ಲಿ ಈಗ ಬರೆಯಬಲ್ಲವಳು ನಾನೊಬ್ಬಳೇ ಉಳಿದಿದ್ದೇನೆ.

ಅವರ ತಂದೆ, ಎಂದರೆ ನನ್ನ ಅಜ್ಜ, ಹಿರೇಕೆರೂರಿನ ಕೋರ್ಟಿನಲ್ಲಿ ಕಾರಕೂನ. ತೀರ್ಪುಗಳ ನಕಲು ಮಾಡುವುದು ಅವರ ಕೆಲಸ. ಹಿರಿಯ ಮಗಳಿಗೆ ಇಂಗ್ಲಿಷ್ ಕಲಿಸಿದ್ದೂ ಆ ನಕಲುಗಳಿಂದಲೇ. ಒಂದು ಪುಟವನ್ನು ಮುಂದಿಟ್ಟು, ಹೆಸರುಗಳ ಮೇಲೆ ಬೆರಳು ಮುಚ್ಚಿ, "ಇಲ್ಲಿ 'ಹೀ' ಅಂದದ ನೋಡು. ಇಂವ ಯಾರು? ವಾದಿಯೋ ಪ್ರತಿವಾದಿಯೋ?" ಎಂದು ಕೇಳುತ್ತಿದ್ದರಂತೆ. ಹಿಂದಿನ ಸಾಲು, ಮುಂದಿನ ಸಾಲು ನೋಡಿ, ಹೊಲ ಯಾರದು, ಬಾವಿ ಯಾರದು, ಸಿಟ್ಟು ಯಾರಿಗೆ ಬರಬೇಕು ಎಂಬುದನ್ನೆಲ್ಲ ಯೋಚಿಸಿ ಹುಡುಗಿ ಉತ್ತರ ಹೇಳಬೇಕು. ಗೊತ್ತಿಲ್ಲ ಎಂದರೆ ಅಜ್ಜ ಎದ್ದು ಹೋಗುತ್ತಿದ್ದರು. ಅಂದಿನ ಪಾಠ ಅಲ್ಲಿಗೇ ಮುಗಿಯುತ್ತಿತ್ತು. ಹೀಗಾಗಿ ಗೋಪಿಕಾಬಾಯಿ ಗೊತ್ತಿಲ್ಲ ಎನ್ನುವುದನ್ನು ಎಂಟನೆಯ ವಯಸ್ಸಿಗೇ ಬಿಟ್ಟರು.

ಹದಿನಾಲ್ಕಕ್ಕೆ ಮದುವೆಯಾಗಿ ಸವಣೂರಿಗೆ ಬಂದರು. ಇಪ್ಪತ್ತೆರಡರಲ್ಲಿ ಗಂಡ ಪುಣೆಯಲ್ಲಿ ಜ್ವರದಿಂದ ತೀರಿಕೊಂಡ. ತಂತಿ ಬಂದಾಗ ಮನೆಯಲ್ಲಿ ಇಂಗ್ಲಿಷ್ ಬಲ್ಲವರು ಬೇರೆ ಯಾರೂ ಇರಲಿಲ್ಲ. ಬಿಡಿಸಿ ಓದಿದವರು ಅವರೇ. "ಏನ ಬರದಾರ?" ಎಂದು ಅತ್ತೆ ಕೇಳಿದರು. ಇವರು ಹೇಳಿದರು. ಆಮೇಲೆ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಮನೆಯ ಮುಂದಿನ ಕೋಣೆಯೊಂದನ್ನು ಕೊಟ್ಟರು.

ಆ ಕೋಣೆಯ ಕಟ್ಟೆಗೆ ಜನ ಬರತೊಡಗಿದ್ದು ಹೇಗೆಂದು ನನಗೆ ಗೊತ್ತಿಲ್ಲ. ನಾನು ಕಂಡಾಗಲೇ ಹಾನಗಲ್ಲಿನಿಂದ, ಶಿಗ್ಗಾವಿಯಿಂದ, ಹಿರೇಕೆರೂರಿನಿಂದ ಕಾಗದ ಹಿಡಿದು ಬರುತ್ತಿದ್ದರು. ಮಿಲಿಟರಿಗೆ ಹೋದವರ ಸುದ್ದಿ, ಮುಂಬಯಿಯ ಗೋದಿಯಲ್ಲಿ ಹಡಗಿನ ಸರಕು ಹೊತ್ತು ದುಡಿಯುವವರ ಸುದ್ದಿ, ನೌಕರಿಯ ಹುಕುಂ, ದವಾಖಾನೆಯ ಚೀಟಿ. ಮಡಿಯ ಹೆಂಗಸಾದ್ದರಿಂದ ಕೈಯಿಂದ ಕೈಗೆ ತೆಗೆದುಕೊಳ್ಳುತ್ತಿರಲಿಲ್ಲ. ಬಂದವರು ಮಣೆಯ ಮೇಲೆ ಕಾಗದ ಇಟ್ಟು ಹಿಂದೆ ಸರಿಯಬೇಕು. ಇವರು ಒಂದು ಸಲ ಮನಸ್ಸಿನಲ್ಲೇ ಪೂರ್ತಿ ಓದಿ, ಮಡಚಿ, ಕಣ್ಣಿನ ಚಾಳೀಸು ತೆಗೆದು, ಮೂರು ನಾಲ್ಕು ಮಾತಿನಲ್ಲಿ ಕನ್ನಡದಲ್ಲಿ ಸಾರಾಂಶ ಹೇಳುತ್ತಿದ್ದರು. ಸಾಲು ಸಾಲಾಗಿ ಓದಿ ಹೇಳುವ ರೂಢಿ ಇರಲಿಲ್ಲ. ಎರಡನೆಯ ಸಲ ಓದಿರೆಂದು ಯಾರೂ ಕೇಳುತ್ತಲೂ ಇರಲಿಲ್ಲ. ಬಾಯಾರು ಹೇಳಿದ್ದು ಅಂದರೆ ಕಾಗದದಲ್ಲಿದ್ದದ್ದು.

ಆ ವರ್ಷ ರಂಜಾನ ಹಬ್ಬ ಮುಗಿದು ಗಣಪತಿ ಇನ್ನೂ ಮನೆಗಳಲ್ಲಿ ಕುಳಿತಿದ್ದ. ಹುಲಗೂರಿನಿಂದ ಇಬ್ಬರು ಹೆಂಗಸರು ಒಂದೇ ಕಾಗದ ಹಿಡಿದು ಬಂದರು. ಒಬ್ಬಳು ದ್ಯಾಮಪ್ಪನ ಹೆಂಡತಿ ಶಾರವ್ವ, ಜೊತೆಗೆ ಹನ್ನೊಂದು ವರ್ಷದ ಮಗಳು. ಇನ್ನೊಬ್ಬಳು ಹುಸೇನಸಾಬನ ಹೆಂಡತಿ ಗೌಸಬಿ, ಹಬ್ಬದ ಮದರಂಗಿ ಅಂಗೈಯಲ್ಲಿ ಇನ್ನೂ ಕೆಂಪಗಿತ್ತು. ಇಬ್ಬರ ಮನೆಯ ಬಾಗಿಲುಗಳೂ ಒಂದೇ ಅಂಗಳಕ್ಕೆ ತೆರೆಯುತ್ತಿದ್ದವು. ಗಂಡಂದಿರು ಕೂಡಿಯೇ ಉತ್ತರದ ಗುಡ್ಡಗಾಡಿಗೆ ಸುರಂಗ ಕೊರೆಯುವ ಕೆಲಸಕ್ಕೆ ಹೋಗಿದ್ದರು. ಗುತ್ತಿಗೆದಾರನ ಕಚೇರಿಯಲ್ಲಿ ಇಬ್ಬರೂ ಒಂದೇ ವಿಳಾಸ ಬರೆಸಿದ್ದರು. ಅಂಗಳ ಒಂದೇ ಆದಮೇಲೆ ವಿಳಾಸ ಎರಡು ಯಾಕೆ ಎಂದು.

ಕಾಗದ ಬರೆದವನು ಅಲ್ಲಿಯ ಒಬ್ಬ ಗುಮಾಸ್ತ. ಅದನ್ನು ನಾನು ಮುಂದೆ ಎಷ್ಟೋ ಸಲ ಓದಿದ್ದೇನೆ. ಅದರ ತಾತ್ಪರ್ಯ ಇಷ್ಟು: ಆಗಸ್ಟ್ ಇಪ್ಪತ್ತೊಂದು, ಸೋಮವಾರ ಮಧ್ಯಾಹ್ನ, ದ್ಯಾಮಪ್ಪ ಹುಸೇನನ ಜೊತೆ ಮರದ ಆಸರೆ ನಿಲ್ಲಿಸಲು ಸುರಂಗದ ಒಳಗೆ ಹೋಗಿದ್ದ. ಮೇಲಿನ ಬಂಡೆ ಕುಸಿದಾಗ ಅವನು ಸಿಕ್ಕಿಕೊಂಡ. ಅವನ ಬಳಿಗೆ ತಲುಪಲಾಗಲಿಲ್ಲ, ಇನ್ನು ತಲುಪುವ ಆಸೆಯೂ ಇಲ್ಲ. ಬೆಳಗಿನಿಂದ ಅವನು ಏನೂ ತಿಂದಿರಲಿಲ್ಲ, ನಿತ್ರಾಣನಾಗಿ ಓಡಲಾಗಲಿಲ್ಲ ಎಂದು ಜೊತೆಯ ಕೂಲಿಗಳು ಹೇಳುತ್ತಾರೆ. ಇನ್ನೊಬ್ಬನ ಕಾಲು ಮುರಿದಿದೆ, ಎಚ್ಚರವಿಲ್ಲ, ದೂರದ ಆಸ್ಪತ್ರೆಗೆ ಕಳಿಸಿದ್ದೇವೆ.

ಯಾವನು ಸಿಕ್ಕಿಕೊಂಡವನು, ಯಾವನು ಇನ್ನೊಬ್ಬ, ಎಲ್ಲಿಯೂ ಹೆಸರಿಲ್ಲ. ಬರೆದವನಿಗೆ ಗೊತ್ತಿತ್ತು. ಆದ್ದರಿಂದ ಬರೆಯಲಿಲ್ಲ.

ಗೋಪಿಕಾಬಾಯಿ ಓದಿ ಮುಗಿಸಿ ಕಾಗದ ಮಡಚಲಿಲ್ಲ. ಗೌಸಬಿಯನ್ನು ಒಂದು ಪ್ರಶ್ನೆ ಕೇಳಿದರು.

"ನಿನ್ನ ಗಂಡ ಉಪವಾಸ ಹಿಡೀತಾನೇನು?"

"ರಂಜಾನದಾಗ ಒಂದೂ ಬಿಟ್ಟವರಲ್ರಿ ಬಾಯಾರ," ಎಂದಳು ಗೌಸಬಿ. "ಜ್ವರ ಬಂದ್ರೂ ಹಿಡಿತಾರ. ನಮ್ಮ ಅತ್ತಿ ಬೈತಾಳ, ಇಂವ ರೋಜಾ ಹಿಡಿಯೂದು ಅಲ್ಲಾಗ ಅಲ್ಲ, ನನ್ನ ರೊಟ್ಟಿಗೆ ಅಂಜಿ ಅಂತ."

ಶಾರವ್ವ ನಕ್ಕಳಂತೆ. ಗೋಪಿಕಾಬಾಯಿ ಕಾಗದ ಮಡಚಿದರು, ಚಾಳೀಸು ತೆಗೆದರು.

"ಗೌಸಬಿ, ನಿನ್ನ ಗಂಡ ಸುರಂಗದಾಗ ಸಿಕ್ಕೊಂಡು ತೀರಿಕೊಂಡಾನ. ಶಾರವ್ವ, ನಿನ್ನ ಗಂಡನ ಕಾಲು ಮುರದದ. ದವಾಖಾನ್ಯಾಗ ಇದ್ದಾನ. ಬದುಕ್ಯಾನ."

ಶಾರವ್ವ ಗೌಸಬಿಯನ್ನು ತಬ್ಬಿಕೊಂಡು ಅತ್ತಳು. ಅಳುತ್ತಳುತ್ತಲೇ ಒಮ್ಮೆ, ಯಾರೂ ನೋಡುತ್ತಿಲ್ಲವೆಂದು, ಸೆರಗಿನ ಒಳಗೆ ಎರಡು ಕೈ ಜೋಡಿಸಿ ದೇವರಿಗೆ ಮುಗಿದಳು. ಗೋಪಿಕಾಬಾಯಿ ಅದನ್ನು ನೋಡಿದರು. ಅದು ತನ್ನ ಕಣ್ಣ ಮುಂದಿನಿಂದ ಹೋಗಲಿಲ್ಲ ಎಂದು ನನಗೆ ಅವರೇ ಹೇಳಿದ್ದಾರೆ.

ಹುಲಗೂರಿನಲ್ಲಿ ಗೌಸಬಿಯ ಬಳೆ ಒಡೆದರು. ಕೊರಳಿನ ಕರಿಮಣಿ ತೆಗೆದರು. ಅವಳು ನಾಲ್ಕು ತಿಂಗಳು ಹತ್ತು ದಿನ ಯಾರಿಗೂ ಕಾಣದೆ ಒಳಗೆ ಕುಳಿತುಕೊಳ್ಳುವ ಇದ್ದತ್ತಿಗೆ ಕುಳಿತಳು. ಎದುರು ಬಾಗಿಲಿನಲ್ಲಿ ಶಾರವ್ವ ಗಂಡ ಬದುಕಿದನೆಂದು ಬಸವಣ್ಣನಿಗೆ ಎಣ್ಣೆ ಹಾಕಿದಳು, ಹೂವು ಮುಡಿದಳು. ಮುಡಿದ ಹೂವು ಗೌಸಬಿಗೆ ಕಾಣಬಾರದೆಂದು ಅಂಗಳಕ್ಕೆ ಬರುವಾಗ ತಲೆತುಂಬ ಸೆರಗು ಹೊದ್ದು ಬರುತ್ತಿದ್ದಳು.

ನಾನು ಆಗ ಹಾನಗಲ್ಲಿನ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಎರಡು ವಾರದ ಮೇಲೆ ರವಿವಾರ ಸವಣೂರಿಗೆ ಬಂದೆ. ಕಾಗದ ಇನ್ನೂ ಮಣೆಯ ಮೇಲಿತ್ತು. ಅಂದಿನ ಗದ್ದಲದಲ್ಲಿ ಹೆಂಗಸರು ಬಿಟ್ಟು ಹೋಗಿದ್ದರು. ನಾನು ಓದಿದೆ.

"ಮೌಶಿ, ಸತ್ತಾಂವ ಯಾರು ಅಂತ ಇದರಾಗ ಎಲ್ಲದ?"

"ಓದಲಿಕ್ಕೆ ಬರೂದಿಲ್ಲೇನು ನಿನಗ? ಬೆಳಗಿಂದ ಉಂಡಿರಲಿಲ್ಲ ಅಂತ ಅದ. ಅವತ್ತ ಏನಿತ್ತು? ರಂಜಾನ ತಿಂಗಳು. ಉಪವಾಸ ಇದ್ದಾಂವ ಹುಸೇನಸಾಬ."

"ಶಾರವ್ವನ್ನ ಕೇಳಿದೀ ಏನು?"

"ಅಕಿನ್ನ ಏನು ಕೇಳೂದು? ಅವತ್ತ ಏಕಾದಶಿ ಅಲ್ಲ. ರಾಯರ ಉತ್ತರಾರಾಧನಿ. ಮಠದಾಗ ಊರಿಗೆ ಊರು ಕೂತು ಊಟಾ ಮಾಡೇದ. ಅಂಥಾ ದಿನ ಯಾರು ಉಪವಾಸ ಇರ್ತಾರ?"

"ಶ್ರಾವಣ ಸೋಮವಾರನೂ ಆಗಿತ್ತಲ್ಲ. ದ್ಯಾಮಪ್ಪ ಲಿಂಗವಂತ."

ಗೋಪಿಕಾಬಾಯಿ ನನ್ನನ್ನು ನೋಡಿದರು.

"ಅದು ಒಪ್ಪತ್ತು," ಎಂದರು. "ಸಂಜಿಗೆ ಉಣ್ತಾರ. ಅದು ಉಪವಾಸ ಅಲ್ಲ. ನಿನ್ನ ಎಂ.ಎ. ನಿನ್ನ ಹತ್ತರನ ಇಟ್ಕೋ."

ನಮ್ಮ ಮನೆಗಳಲ್ಲಿ ಉಪವಾಸ ಎಂದರೆ ಏಕಾದಶಿ, ನೀರೂ ಇಲ್ಲ. ಉಳಿದವರು ಸಂಜೆಯವರೆಗೆ ಹಸಿದಿರುವುದು ನಮ್ಮ ಲೆಕ್ಕದಲ್ಲಿ ಉಪವಾಸವೇ ಅಲ್ಲ. ಆದರೆ ಸುರಂಗ ಕುಸಿದದ್ದು ಮಧ್ಯಾಹ್ನ. ಮಧ್ಯಾಹ್ನಕ್ಕೆ ಇಬ್ಬರ ಹೊಟ್ಟೆಯೂ ಖಾಲಿ ಇದ್ದಿರಬಹುದು. ಕಾಗದದಿಂದ ಏನೂ ತಿಳಿಯುವಂತಿರಲಿಲ್ಲ. ನಾನು ಮರುದಿನ ಅಂಚೆ ಕಚೇರಿಗೆ ಹೋಗಿ ಗುತ್ತಿಗೆದಾರನ ವಿಳಾಸಕ್ಕೆ ತಂತಿ ಕೊಟ್ಟೆ. ಆ ವರ್ಷ ಉತ್ತರದಲ್ಲಿ ಮಳೆ ಬಿಟ್ಟಿರಲಿಲ್ಲ, ದಾರಿಗಳು ಕೊಚ್ಚಿಹೋಗಿದ್ದವು. ಉತ್ತರ ಬರಲಿಲ್ಲ. ಉತ್ತರ ಬರುವವರೆಗೆ ಹುಲಗೂರಿಗೆ ಹೋಗಿ ಹೇಳುವುದು ಬೇಡವೆಂದು ನಾನೂ ಸುಮ್ಮನಿದ್ದೆ.

ಅಕ್ಟೋಬರದಲ್ಲಿ ಹುಸೇನಸಾಬ ಕಂಕುಳಲ್ಲಿ ಕೋಲು ಊರಿಕೊಂಡು ಬಸ್ಸಿನಿಂದ ಇಳಿದ. ಅಂಗಳದಲ್ಲಿ ಕಾಳು ಆರಿಸುತ್ತಿದ್ದ ಅವನ ತಾಯಿ ಮೊರ ಬಿಸಾಡಿ ಒಳಗೆ ಓಡಿ ಬಾಗಿಲು ಹಾಕಿಕೊಂಡಳು. ಒಳಗಿನಿಂದಲೇ ಕೂಗಿದಳು: "ನೀ ಯಾರಾದ್ರೂ ಆಗು, ನಿನ್ನ ಹೆಸರಲೆ ಫಾತಿಹಾ ಓದಿಸೇನಿ, ಮಂದಿಗೆ ಊಟಾ ಹಾಕೇನಿ, ಮತ್ಯಾಕ ಬಂದಿ?" ಅವನು ಹೊರಗಿನಿಂದ, "ಮಂದಿಗೆ ಹಾಕಿದ್ದು ಸಾಕು, ನನಗಿಷ್ಟು ಚಾ ಹಾಕು ಯವ್ವಾ, ಕಾಲು ನೋಯಾಕತ್ತೇತಿ," ಎಂದ. ಓಣಿಯೆಲ್ಲ ಕೂಡಿತು, ನಕ್ಕಿತು, ಅತ್ತಿತು. ಎದುರು ಬಾಗಿಲಲ್ಲಿ ಶಾರವ್ವ ಹೂ ಮುಡಿದು ನಿಂತಿದ್ದಳು. ಹುಸೇನಸಾಬ ತಲೆಯೆತ್ತಿ ಅವಳನ್ನು ನೋಡಿದ. ಆಮೇಲೆ ಯಾರೂ ನಗಲಿಲ್ಲ.

ಮೂರು ದಿನದ ಮೇಲೆ ಗಂಡಹೆಂಡಿರಿಬ್ಬರೂ ಸವಣೂರಿಗೆ ಬಂದರು. ನಾನು ಅಲ್ಲಿದ್ದೆ. ಗೌಸಬಿಯ ಕೈಗಳು ಇನ್ನೂ ಬೋಳಾಗಿದ್ದವು.

"ನಾ ರೋಜಾ ಹಿಡಿದಿದ್ದಿಲ್ರಿ ಬಾಯಾರ," ಎಂದ ಹುಸೇನಸಾಬ, ಕಳ್ಳತನ ಒಪ್ಪಿಕೊಳ್ಳುವವನಂತೆ. "ಕಲ್ಲು ಕೊರಿಯೂ ಕೆಲಸಾ, ಹಿಡಿಯಾಕ ಆಗಲಿಲ್ಲ. ಮನ್ಯಾಗ ಹೇಳಬ್ಯಾಡ ಅಂತ ದ್ಯಾಮಗ ಆಣಿ ಹಾಕಿದ್ನಿ. ಸೋಮವಾರ ಹಿಡಿದಂವ ಅಂವ. ಕಲ್ಲು ಬೀಳೂ ಸಪ್ಪಳಾ ಆತು, ಓಡು ಅಂದ್ನಿ. ಅಷ್ಟ ನನಗ ನೆಪ್ಪೈತಿ."

ಗೋಪಿಕಾಬಾಯಿ ಗೌಸಬಿಯ ಕಡೆ ತಿರುಗಿ, "ಬಳಿ ಇಟ್ಕೋವಾ. ನಾ ತಪ್ಪಿದೆ," ಎಂದರು.

"ಇಟ್ಕೋತೇನ್ರಿ," ಎಂದಳು ಗೌಸಬಿ. "ಆದ್ರ ಒಂದ್ ಮಾತು ಬಾಯಾರ. ಇವರಿಗೆ ಅಳೂದೆಲ್ಲಾ ನಾ ಅತ್ತು ಮುಗಿಸೇನಿ. ನಾಳೆ ಇವರು ಖರೇನ ಸತ್ರ, ನನ್ನ ಹತ್ರ ಏನೂ ಉಳದಿಲ್ಲ."

"ಕೇಳ್ರಿ, ಬಂದಾಗಿಂದ ಇದ ನನ್ನ ಸ್ವಾಗತ," ಎಂದು ಹುಸೇನಸಾಬ ನಗಲು ನೋಡಿದ. ಆಗಲಿಲ್ಲ.

ಅವರು ಹೋದ ಮೇಲೆ ಗೋಪಿಕಾಬಾಯಿ ನನಗೆ, "ನಾಳೆ ಹುಲಗೂರಿಗೆ ಹೋಗೂಣ. ಶಾರವ್ವಗ ನಾನ ಹೇಳಬೇಕು," ಎಂದರು. ಹೋದೆವು. ಅವಳು ನಮ್ಮನ್ನು ಕೂರಿಸಿ, ತಂಬಿಗೆಯಲ್ಲಿ ನೀರಿಟ್ಟು, ಎದುರಿಗೆ ಕುಳಿತಳು. ಹಣೆಯ ಕುಂಕುಮ ಎಂದಿನಷ್ಟೇ ದೊಡ್ಡದಿತ್ತು.

"ಶಾರವ್ವ, ನಾ ತಪ್ಪಿ ಓದಿದೆ."

"ಅವತ್ತ ತಪ್ಪಲಿಲ್ರಿ," ಎಂದಳು ಶಾರವ್ವ. "ಇವತ್ತ ತಪ್ಪೀರಿ. ಬದುಕ್ಯಾನ ಅಂದ್ರಿ ಅವತ್ತ. ಕಾಗದ ನೋಡಿ ಅಂದ್ರಿ. ಇವತ್ತ ಏನು ನೋಡಿ ಅಂತೀರಿ? ಹುಸೇನಣ್ಣ ಬಂದ, ಛಲೋ ಆತು. ಅಂವ ಬಂದ್ರ ಇಂವ ಸತ್ತಂಗೇನ್ರಿ? ಹೆಣಾ ಯಾರು ಕಂಡಾರ?"

ಹೆಣವನ್ನು ಯಾರೂ ಕಂಡಿರಲಿಲ್ಲ. ಗುತ್ತಿಗೆದಾರ ಆ ಸುರಂಗವನ್ನು ಅಲ್ಲಿಗೇ ಮುಚ್ಚಿ ಪಕ್ಕದಲ್ಲಿ ಬೇರೆ ಕೊರೆಯುತ್ತಿದ್ದ. ನಾವು ಜೊತೆಗೆ ಒಯ್ದಿದ್ದ ಕಾಗದವನ್ನು ಶಾರವ್ವ ಅಂದು ಕೇಳಿ ವಾಪಸು ತೆಗೆದುಕೊಂಡಳು. ಹುಸೇನಸಾಬ ಎದುರಿಗೆ ಬಂದರೆ ಮಾತಾಡಿಸುತ್ತಿದ್ದಳು, ರೊಟ್ಟಿ ಕಳಿಸುತ್ತಿದ್ದಳು. ಆದರೆ ಅವನು ಸುರಂಗದ ಮಾತು ತೆಗೆದ ಕೂಡಲೇ ಎದ್ದು ಹೋಗುತ್ತಿದ್ದಳು.

ಗೋಪಿಕಾಬಾಯಿ ಅಲ್ಲಿಂದ ಬಂದವರು ಮಣೆಯನ್ನು ಒಳಗಿಟ್ಟರು. ಕಾಗದ ತಂದವರಿಗೆಲ್ಲ, "ವಕೀಲರ ಕಡೆ ಹೋಗ್ರಿ," ಎಂದರು. ಅಷ್ಟಕ್ಕೇ ನಿಂತಿದ್ದರೆ ಇದನ್ನು ನಾನು ಬರೆಯುತ್ತಿರಲಿಲ್ಲ.

ಅವರಿಗೆ ಹಳೆಯ ಕಾಗದಗಳು ನೆನಪಾಗತೊಡಗಿದವು. ಮೂವತ್ತು ವರ್ಷದಲ್ಲಿ ಎಷ್ಟೋ ಸಾವು ಹೇಳಿದ್ದರು, ಎಷ್ಟೋ ಬದುಕು ಹೇಳಿದ್ದರು. ಅವುಗಳಲ್ಲಿ ಎಷ್ಟು ಕಡೆ ಹೆಸರಿತ್ತು, ಎಷ್ಟು ಕಡೆ ಬರೀ 'ಹೀ' ಇತ್ತು, ಎಷ್ಟು ಕಡೆ ತಾನು ತುಂಬಿದ್ದೆ ಎಂಬುದು ಅವರಿಗೆ ತಿಳಿಯದಾಯಿತು. ಅರವತ್ತೆರಡನೆಯ ವಯಸ್ಸಿನಲ್ಲಿ, ಮಡಿ ಬಿಟ್ಟು, ಬಸ್ಸು ಹತ್ತಿ, ಆ ಮನೆಗಳಿಗೆ ಹೋಗತೊಡಗಿದರು. ರಜೆಯಲ್ಲಿ ನಾನು ಜೊತೆಗೆ ಹೋಗುತ್ತಿದ್ದೆ. ಬಾಗಿಲಲ್ಲಿ ನಿಂತು, "ಆ ಕಾಗದ ಇನ್ನೂ ಅದೇನು? ಒಮ್ಮೆ ತೋರಸ್ರಿ," ಎನ್ನುತ್ತಿದ್ದರು. ಕೆಲವರು ತೋರಿಸಿದರು. ಕೆಲವರ ಕಾಗದ ಇಲಿ ತಿಂದಿತ್ತು. ಬಹಳ ಮಂದಿ ಹೆದರಿದರು. ಕೆಂಪು ಸೀರೆಯ ಮುದುಕಿ ಬಂದಳೆಂದರೆ, ಮುಗಿದುಹೋದ ಸಾವು ಮತ್ತೆ ಬಾಗಿಲಿಗೆ ಬಂದಂತೆ.

ಹಂಸಭಾವಿಯಲ್ಲಿ ಚನ್ನವೀರಪ್ಪ ಎಂಬ ರೈತನ ತಮ್ಮ ಮಿಲಿಟರಿಯಲ್ಲಿ ಸತ್ತು ಹದಿನಾರು ವರ್ಷವಾಗಿತ್ತು. ಅವನು ನಮ್ಮನ್ನು ಒಳಗೆ ಕರೆಯಲಿಲ್ಲ.

"ಬಾಯಾರ, ಕೈ ಮುಗಿತೇನಿ, ಅದನ್ನ ತಗೀಬ್ಯಾಡ್ರಿ. ತಮ್ಮನ ಹೇಣ್ತಿನ್ನ ಬ್ಯಾರೆ ಕಡೆ ಉಡಕಿ ಮಾಡಿ ಕೊಟ್ಟೇವಿ. ಮೂರು ಮಕ್ಕಳದಾವ ಅಕಿಗೆ. ಈಗ ಅಂವ ಸತ್ತಿಲ್ಲ ಅಂದ್ರ ನಾ ಏನು ಮಾಡ್ಲಿ?"

"ಸತ್ತಾನೋ ಇಲ್ಲೋ, ನೋಡಿ ಹೇಳ್ತೇನಿ."

"ನೋಡೂದ ಬ್ಯಾಡ್ರಿ!"

ಆದರೆ ಒಳಗಿನಿಂದ ಅವನ ತಾಯಿ ಗೋಡೆ ಹಿಡಿದುಕೊಂಡು ಬಂದು ಕಾಗದವನ್ನು ನನ್ನ ಕೈಯಲ್ಲಿಟ್ಟಳು. ಗೋಪಿಕಾಬಾಯಿ ನಿಂತಲ್ಲೇ ಎರಡು ಸಲ ಓದಿದರು. ಹೆಸರು, ನಂಬರು, ಊರು, ಎಲ್ಲ ಸರಿಯಾಗಿತ್ತು. "ಸರಿಯಾಗೇ ಓದೇನಿ," ಎಂದರು. ಚನ್ನವೀರಪ್ಪ ಉಸಿರು ಬಿಟ್ಟ. ಮುದುಕಿ ಮಾತ್ರ ಅಂದು ಎರಡನೆಯ ಸಲ ಮಗನನ್ನು ಕಳೆದುಕೊಂಡವಳಂತೆ ಹೊಸ್ತಿಲಲ್ಲಿ ಕುಸಿದಳು. ಹಿಂದಿರುಗುವ ಬಸ್ಸಿನಲ್ಲಿ ನಾನು ಗೋಪಿಕಾಬಾಯಿಯವರಿಗೆ, ಇದನ್ನು ನಿಲ್ಲಿಸು ಎಂದು ಹೇಳಿದೆ. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಆಮೇಲೆ ಯಾವ ಊರಿಗೂ ಹೋಗಲಿಲ್ಲ.

ಹೋಗದಿದ್ದರೂ ಶಾರವ್ವ ಬರುತ್ತಿದ್ದಳು. ಪ್ರತಿ ವರ್ಷ ಶ್ರಾವಣದಲ್ಲಿ ಒಂದು ಸೋಮವಾರ, ಹುಲಗೂರಿನ ಬೆಳಗಿನ ಬಸ್ಸಿಗೆ. ಕಾಗದವನ್ನು ಕಟ್ಟೆಯ ಮೇಲಿಟ್ಟು ಹಿಂದೆ ಸರಿದು ಕೂರುತ್ತಿದ್ದಳು.

"ಓದ್ರಿ ಬಾಯಾರ. ಅವತ್ತ ಓದಿದಂಗ ಓದ್ರಿ."

ಮೊದಲ ವರ್ಷ ಗೋಪಿಕಾಬಾಯಿ, ಓದುವುದಿಲ್ಲ ಎಂದರು. ಶಾರವ್ವ ಕಡೆಯ ಬಸ್ಸಿನವರೆಗೆ ಕಟ್ಟೆಯಿಂದ ಏಳಲಿಲ್ಲ, ನೀರೂ ಮುಟ್ಟಲಿಲ್ಲ. ಎರಡನೆಯ ವರ್ಷ ಗೋಪಿಕಾಬಾಯಿ ಕಾಗದ ಕೈಗೆತ್ತಿಕೊಂಡು, ಅದನ್ನು ನೋಡದೆ, "ನಿನ್ನ ಗಂಡನ ಕಾಲು ಮುರದದ. ದವಾಖಾನ್ಯಾಗ ಇದ್ದಾನ. ಬದುಕ್ಯಾನ," ಎಂದರು. ಶಾರವ್ವ ಕಾಗದ ಮಡಚಿಕೊಂಡು ಹೋದಳು. ಹೀಗೆ ಐದು ವರ್ಷ. ಸುಳ್ಳು ಎಂದು ಇಬ್ಬರಿಗೂ ಗೊತ್ತಿತ್ತು. ಅದನ್ನು ಹೇಳಿದ ದಿನ ಗೋಪಿಕಾಬಾಯಿ ಯಾರ ಜೊತೆಯೂ ಮಾತಾಡುತ್ತಿರಲಿಲ್ಲ. ಕತ್ತಲಾಗುವ ಮೊದಲೇ ಮುಂದಿನ ಬಾಗಿಲು ಹಾಕಿಸುತ್ತಿದ್ದರು. ಒಮ್ಮೆ ನನಗೆ, "ಕುಂಟಕೋತ ಯಾರೋ ಬಂದಂಗ ಆಗ್ತದ. ಹುಸೇನಸಾಬ ಅಲ್ಲ, ಅವನ ಕೋಲಿನ ಸಪ್ಪಳ ನನಗ ಗೊತ್ತದ," ಎಂದರು. ದೆವ್ವಭೂತ ನಂಬಿದವರಲ್ಲ ಅವರು. ನಾನೂ ಅಲ್ಲ. ಅವರು ಹೇಳಿದ್ದನ್ನು ಬರೆದಿದ್ದೇನೆ.

1985ರಲ್ಲಿ ಶಾರವ್ವನ ಮಗಳಿಗೆ ಶಿಗ್ಗಾವಿಯಿಂದ ಸಂಬಂಧ ಬಂತು. ಮಾತು ಮುಗಿದು ಲಗ್ನಪತ್ರಿಕೆ ಅಚ್ಚಿಗೆ ಹೋಗಬೇಕು. ವರನ ದೊಡ್ಡಪ್ಪ ಕರಬಸಪ್ಪ ಹುಲಗೂರಿಗೆ ಬಂದು ಒಂದೇ ಪ್ರಶ್ನೆ ಕೇಳಿದ: ಹುಡುಗಿಯ ತಂದೆಯ ಹೆಸರಿನ ಮೊದಲು 'ಶ್ರೀ' ಹಾಕಿಸುವುದೋ, 'ದಿ.' ಹಾಕಿಸುವುದೋ? ಶಾರವ್ವ, "ಬಾಯಾರನ್ನ ಕರಸ್ರಿ. ಕಾಗದ ಓದಲಿ. ಅವರು ಹೇಳಿದಂಗ ಹಾಕಸ್ರಿ," ಎಂದಳಂತೆ.

ಗೋಪಿಕಾಬಾಯಿಯವರನ್ನು ನಾನೇ ಕರೆದುಕೊಂಡು ಹೋದೆ. ಅಂಗಳದಲ್ಲಿ ಜಮಖಾನೆ ಹಾಸಿದ್ದರು. ಕರಬಸಪ್ಪ, ಓಣಿಯ ನಾಲ್ಕು ಹಿರಿಯರು, ಬಾಗಿಲಿಗೆ ಒರಗಿ ಗೌಸಬಿ, ಕೆಳಗೆ ಕೋಲು ಮಲಗಿಸಿಕೊಂಡು ಹುಸೇನಸಾಬ. ಮದುವೆಯ ಹುಡುಗಿ ಒಳಗಿನ ಕತ್ತಲೆಯಲ್ಲಿ ನಿಂತಿದ್ದಳು. ಶಾರವ್ವ ಕಾಗದ ತಂದು ಇಟ್ಟಳು. ಮಡಿಕೆಗಳಲ್ಲಿ ಹರಿದು ಅದು ನಾಲ್ಕು ತುಂಡಾಗಿತ್ತು. ಬದುಕಿದ್ದಾನೆ ಎಂದರೆ ಕರಬಸಪ್ಪ ನಂಬುವುದಿಲ್ಲ, ಸಂಬಂಧ ಮುರಿಯುತ್ತದೆ. ಸತ್ತಿದ್ದಾನೆ ಎಂದರೆ ಅವಳ ಏಳು ವರ್ಷ ಸುಳ್ಳಾಗುತ್ತವೆ. ಎರಡನ್ನೂ ಶಾರವ್ವ ಗೋಪಿಕಾಬಾಯಿಯ ಬಾಯಿಗೆ ಬಿಟ್ಟಿದ್ದಳು.

ಗೋಪಿಕಾಬಾಯಿ ನಾಲ್ಕು ತುಂಡುಗಳನ್ನು ಜೋಡಿಸಿಟ್ಟರು. ಜೀವಮಾನದಲ್ಲಿ ಮೊದಲ ಸಲ, ಸಾಲು ಸಾಲಾಗಿ ಓದಿದರು. ಒಂದು ಸಾಲು ಇಂಗ್ಲಿಷಿನಲ್ಲಿ ಗಟ್ಟಿಯಾಗಿ, ಅದೇ ಸಾಲು ಕನ್ನಡದಲ್ಲಿ. ಅಂವ ಸಿಕ್ಕೊಂಡ. ಅಂವನ ಹತ್ತರ ಹೋಗಲಿಕ್ಕೆ ಆಗಲಿಲ್ಲ. ಅಂವ ಬೆಳಗಿಂದ ಏನೂ ತಿಂದಿರಲಿಲ್ಲ.

"ಅಂವ ಅಂದ್ರ ಯಾರ್ರಿ?" ಎಂದ ಕರಬಸಪ್ಪ.

"ಬರದಿಲ್ಲ."

"ನೀವು ತಿಳದವರು, ಹೇಳ್ರಲ್ಲ."

"ನನಗ ಗೊತ್ತಿಲ್ಲ," ಎಂದರು ಗೋಪಿಕಾಬಾಯಿ. "ಅವತ್ತೂ ಗೊತ್ತಿರಲಿಲ್ಲ."

ಶಾರವ್ವ ಬಹಳ ಹೊತ್ತು ಆ ತುಂಡುಗಳನ್ನೇ ನೋಡುತ್ತಿದ್ದಳು. ಬೆಳಗಿನಿಂದ ಏನೂ ತಿಂದಿರಲಿಲ್ಲ ಎಂಬ ಸಾಲನ್ನು ಅವಳು ಕಾಗದದಿಂದ ಕೇಳಿದ್ದು ಅಂದೇ ಮೊದಲು. ಆಮೇಲೆ ಹುಸೇನಸಾಬನ ಕಡೆ ತಿರುಗಿದಳು.

"ಹುಸೇನಣ್ಣ, ನೀ ಹೇಳು. ಅವತ್ತ ಇವರು ಉಂಡಿದ್ದಿಲ್ಲೇನು?"

ಹುಸೇನಸಾಬ ನೆಲ ನೋಡುತ್ತ ಹೇಳಿದ. "ಇಲ್ಲ ತಂಗಿ. ನನ್ನ ಬುತ್ತ್ಯಾಗ ಅರ್ಧ ರೊಟ್ಟಿ ಮುರದು ಕೊಟ್ನಿ. ನಕ್ಕ. ರೋಜಾ ಬಿಟ್ಟಂವ ನೀನು, ನನ್ನೂ ಕೆಡಸಾಕ ಬಂದೀ ಏನಲೇ ಅಂದ. ಸಂಜಿಗೆ ಕೂಡಿ ಉಣ್ಣೂಣು ಅಂದ."

"ಹಂಗ ಅಂತಿದ್ರು," ಎಂದಳು ಶಾರವ್ವ. "ಅದು ಅವರ ಮಾತ." ಕರಬಸಪ್ಪನಿಗೆ, "ದಿ. ಅಂತನ ಹಾಕಸ್ರಿ," ಎಂದು ಎದ್ದು ಒಳಗೆ ಹೋದಳು. ಗೌಸಬಿ ಅವಳ ಹಿಂದೆ ಹೋಗಿ ಬಾಗಿಲು ಮುಂದೆ ಮಾಡಿದಳು. ಒಳಗೆ ಬಳೆ ಒಡೆದ ಸದ್ದು ಹೊರಗಿದ್ದ ನಮಗೆ ಕೇಳಿಸಿತು.

ಮದುವೆ ಆಯಿತು. ಮರುವರ್ಷದ ಶ್ರಾವಣದಲ್ಲಿ ನಾನು ಸವಣೂರಿನಲ್ಲಿದ್ದೆ. ಮೊದಲ ಸೋಮವಾರ ಗೋಪಿಕಾಬಾಯಿ ಬೆಳಿಗ್ಗೆಯೇ ಕಟ್ಟೆಯ ಮೇಲೆ ಕುಳಿತರು.

"ಹುಲಗೂರಿನ ಬಸ್ಸು ಬಂತೇನು ನೋಡು."

"ಬಂದು ಹೋತು ಮೌಶಿ."

"ಯಾರು ಇಳಿದ್ರು?"

"ಯಾರೂ ಇಲ್ಲ. ಶಾರವ್ವ ಇನ್ನ ಯಾಕ ಬರ್ತಾಳ?"

"ಖರೆ," ಎಂದರು ಅವರು. "ಇನ್ನ ಯಾಕ ಬರ್ತಾಳ."

ಎರಡನೆಯ ಸೋಮವಾರವೂ ಕುಳಿತರು, ಮೂರನೆಯದೂ. ಅದರ ಮರುವರ್ಷ ಕಣ್ಣು ಪೂರ್ತಿ ಹೋಗಿತ್ತು, ವಾರ ಯಾವುದೆಂದು ಕೇಳಿ ತಿಳಿದು ಬಂದು ಕೂರುತ್ತಿದ್ದರು. ಯಾರಾದರೂ ಕಟ್ಟೆಯ ಮುಂದೆ ಹಾಯ್ದು ಹೋದರೆ ಮುಖ ಎತ್ತಿ, "ಯಾರು ಅಂವ?" ಎಂದು ಕೇಳುತ್ತಿದ್ದರು. ಹೋಗುವವರು ಹೆಸರು ಹೇಳಿ ಹೋಗುತ್ತಿದ್ದರು. ಕೆಲವು ಸಲ ಯಾರೂ ಹಾಯದಿದ್ದಾಗಲೂ ಕೇಳುತ್ತಿದ್ದರು.